ಲೇತಿನ ಕಾಲಡಿಯ ತಾಮ್ರದ ದುಡ್ಡು

ಲೇತಿನ ಮುಂದೆ ನಿಲ್ಲುವ ಮೊದಲು ನಾನು ದಿನಾಲು ಬಳೆ ತೆಗೆದು ಜಗಲಿಯ ಮೇಲೆ ದೇವರ ಮುಂದೆ ಇಡುತ್ತಿದ್ದೆ. ತಾಳಿಯನ್ನು ಕುಪ್ಪಸದೊಳಗೆ ಸೇರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ನಮ್ಮ ಮನೆಯವರ ಹಳೆಯ ಖಾಕಿ ಅಂಗಿ ತೊಟ್ಟು ಕೊರಳವರೆಗೆ ಗುಂಡಿ ಹಾಕುತ್ತಿದ್ದೆ. ಗಂಡ ಇರುವ ಹೆಂಗಸು ಬರಿಗೈಯಲ್ಲಿ ಇರಬಾರದು ಎಂದು ಓಣಿಯ ಹೆಣ್ಣುಮಕ್ಕಳು ಮೊದಮೊದಲು ಅಂದರು. ಕೆಲಸದ ತುಂಡನ್ನು ಕಚ್ಚಿ ಹಿಡಿದು ತಿರುಗುವ ಲೇತಿನ ಚಕ್ಕಿಗೆ ಬಳೆ ಯಾವುದು, ಕೈ ಯಾವುದು ಗೊತ್ತಾಗುವುದಿಲ್ಲ. "ಬಳಿ ನಿನ್ನ ಕಡಿ ಇರ್ಲಿ, ಕೈ ನನ್ನ ಕಡಿ ಇರ್ಲಿ" ಎಂದು ದೇವರಿಗೆ ಕೈಮುಗಿದು ಹೋಗುತ್ತಿದ್ದೆ. ಕಣ್ಣಿಗೆ ಪೊರೆ ಬಂದು ಕೆಲಸ ಬಿಡುವ ದಿನದವರೆಗೂ ಹಾಗೇ ನಡೆಯಿತು. ಹತ್ತು ಬೆರಳೂ ಇವೆ. ನಾನು ಮೊದಲು ಎಣಿಸುವ ಪುಣ್ಯ ಇದು.

ಈಗ ನಮ್ಮ ಶಹಾಪುರದಲ್ಲಿ ಹುಡುಗಿಯರೂ ಟರ್ನರ್ ಕೆಲಸ ಕಲಿಯುತ್ತಾರೆ. ಇಬ್ಬರು ಮೂವರು ಮನೆಗೆ ಬಂದು, "ಅಮ್ಮಾ, ಆವಾಗ ಹ್ಯಾಂಗ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆಯಲು ಕೂತೆ. ಒಳ್ಳೆಯ ಕೆಲಸಗಳ ಕಥೆ ಹೇಳಲು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಕೆಡಿಸಿದ ಒಂದು ಕೆಲಸದ ಕಥೆ ಹೇಳುತ್ತೇನೆ.

ನಮ್ಮ ಮನೆಯವರು ಯಾದಗಿರಿಯ ವರ್ಕ್‌ಶಾಪೊಂದರಲ್ಲಿ ಲೇತ್ ಕೆಲಸ ಕಲಿತವರು. ಕಾಲುವೆ ನೀರು ನಮ್ಮ ಕಡೆಗೆ ಹರಿದ ಮೇಲೆ ಶಹಾಪುರಕ್ಕೆ ಬಂದು, ಮನೆಯ ಮುಂದೆ ಪತ್ರಾಸಿನ ತಗಡಿನ ಶೆಡ್ಡು ಹಾಕಿ, ಹಳೆಯ ದೊಡ್ಡ ಲೇತೊಂದನ್ನು ಕೂಡಿಸಿದರು. ಕಾಲುವೆಗೆ ಮೊದಲು ಈ ಭಾಗದಲ್ಲಿ ಬಂಡಿಯ ಅಚ್ಚು, ಗಿರಣಿಯ ಶಾಫ್ಟು, ಇಷ್ಟೇ ಕೆಲಸ. ನೀರು ಬಂದ ಮೇಲೆ ಪಂಪು, ಟ್ರ್ಯಾಕ್ಟರು, ಗೇಟು, ಎಲ್ಲವೂ ಬಂದವು. ಜನ ಅವರನ್ನು ಉಸ್ತಾದ ಎಂದೇ ಕರೆಯುತ್ತಿದ್ದರು. ನಾನು ರೊಟ್ಟಿ ಬಡಿದು ಮುಗಿಸಿ ಶೆಡ್ಡಿಗೆ ಬಂದು ಟೂಲು ಸಾಣೆ ಹಿಡಿಯುವುದು, ಅಳತೆ ಓದಿ ಹೇಳುವುದು ಮಾಡುತ್ತಿದ್ದೆ. ಸಾಣೆಯಲ್ಲಿ ನನ್ನ ಕೈ ಅವರಿಗಿಂತ ಚೊಕ್ಕ ಎಂದು ಅವರೇ ಅನ್ನುತ್ತಿದ್ದರು. ಕೆಲಸಕ್ಕೆ ಬಂದ ಜನರ ಮುಂದೆ ಮಾತ್ರ ಅನ್ನುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಜೀವ ಉಳಿಯಿತು, ಬುದ್ಧಿ ಉಳಿಯಿತು. ಆದರೆ ಉಸ್ತಾದನ ಬುದ್ಧಿ ಕೈಯಿಲ್ಲದೆ ಏನು ಮಾಡಬೇಕು? ಮೂರು ತಿಂಗಳ ಮೇಲೆ ನಾನೇ ಲೇತಿನ ಮುಂದೆ ನಿಂತೆ. ಅವರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

ಎರಡನೆಯ ದಿನವೇ ಚಕ್ಕು ಬಿಗಿಯುವ ಚಾವಿಯನ್ನು ಚಕ್ಕಿನಲ್ಲೇ ಮರೆತು ಮೋಟಾರು ಹಾಕಿದೆ. ಚಾವಿ ಹಾರಿ ಅವರ ಕುರ್ಚಿಯ ಹಿಂದಿನ ಪತ್ರಾಸಿಗೆ ಬಡಿದು ತೂತು ಮಾಡಿತು. ಒಂದು ಗೇಣು ಈಚೆ ಬಂದಿದ್ದರೆ ಅವರ ತಲೆ. ನಾನು ಅಳುತ್ತಾ ನಿಂತೆ. ಅವರು ತೊದಲುತ್ತಾ, "ಲಕ್ವಾ ಅರ್ಧಾ ಬಿಟ್ಟಿತ್ತು, ಉಳಿದರ್ಧಾ ನೀ ಮುಗಿಸ್ತಿದ್ದಿ" ಅಂದರು. ಅಂದಿನಿಂದ ಚಾವಿ ಕೈಯಲ್ಲಿರಬೇಕು, ಇಲ್ಲವೇ ಗೂಟದಲ್ಲಿರಬೇಕು, ಮೂರನೆಯ ಜಾಗ ಇಲ್ಲ.

ದೊಡ್ಡ ಲೇತಿನ ಚಕ್ಕು ಎತ್ತುವುದು ನನ್ನಿಂದ ಆಗಲಿಲ್ಲ. ಒಂದು ಸಲ ಎತ್ತಲು ಹೋಗಿ ನಡು ಹಿಡಿದು ಎಂಟು ದಿನ ಮಲಗಿದೆ. ಕೊನೆಗೆ ಆ ಲೇತನ್ನು ಮಾರಿ, ಮೇಜಿನ ಮೇಲೆ ಕೂಡುವ ಹೊಸ ಸಣ್ಣ ಲೇತ್ ತರಿಸಿದೆವು. ರೈಲಿನಲ್ಲಿ ಯಾದಗಿರಿಗೆ ಬಂತು, ಅಲ್ಲಿಂದ ಟೆಂಪೋದಲ್ಲಿ ಮನೆಗೆ. ಹಸಿರು ಬಣ್ಣ, ಟೂಲು ಜಾರಿ ಓಡಾಡುವ, ಮಿರಿಮಿರಿ ಮಿಂಚುವ ಬೆಡ್ಡು. ಜಾಲಿಮರದ ದಪ್ಪ ಹಲಗೆಯ ಮೇಜು ಮಾಡಿಸಿದ್ದೆವು. ಪಕ್ಕದ ಗ್ಯಾರೇಜಿನವರು ನಾಲ್ಕು ಜನ ಬಂದು ಎತ್ತಿಟ್ಟರು.

ನಮ್ಮಲ್ಲಿ ಹೊಸ ಮನೆಯ ಬಾಗಿಲು ಕೂಡಿಸುವಾಗ ಹೊಸ್ತಿಲ ಕೆಳಗೆ ಒಂದು ದುಡ್ಡು, ಒಂದಿಷ್ಟು ಕಾಳು ಇಡುತ್ತೇವೆ. ಹೊಸ್ತಿಲು ಗಟ್ಟಿಯಾಗಿ ಕೂಡಲಿ, ಮನೆ ಬೆಳೆಯಲಿ ಎಂದು. ನನಗೆ ಈ ಮಷೀನೇ ಹೊಸ ಮನೆ. ಅದರ ಹಿಂದಿನ ವಾರ ಅಬ್ಬೆತುಮಕೂರಿನ ಮಠಕ್ಕೆ ಹೋಗಿ, ಇವರ ಬಲಗೈ ಬರಲಿ ಎಂದು ಬೇಡಿಕೊಂಡು ಬಂದಿದ್ದೆ. ನಮ್ಮ ಅತ್ತೆ ಸಾಯುವ ಮೊದಲು ಕೊಟ್ಟ ನಿಜಾಮರ ಕಾಲದ ತಾಮ್ರದ ದುಡ್ಡೊಂದು ಜಗಲಿಯ ಮೇಲೆ ಇತ್ತು. ಮಷೀನನ್ನು ಮೇಜಿಗೆ ಇಳಿಸುವಾಗ, ಚಕ್ಕಿನ ಕಡೆಯ ಮುಂಗಾಲಿನ ಕೆಳಗೆ ಅದನ್ನು ಸರಿಸಿದೆ. "ಇದರ ಮ್ಯಾಲೆ ಈ ಮಷೀನ್ ನಿಲ್ಲಲಿ, ಅವರ ಕೈ ಏಳಲಿ" ಎಂದು ಮನಸ್ಸಿನಲ್ಲೇ ಅಂದೆ. ಇವರು ಬಾಗಿಲ ಕಡೆ ನೋಡುತ್ತಿದ್ದರು. ಗ್ಯಾರೇಜಿನವರು ಬೋಲ್ಟು ಬಿಗಿದರು. ಕಾಯಿ ಒಡೆದೆವು.

ಮೊದಲ ದಿನವೇ ಮಷೀನು ಕುಣಿಯಿತು. ಬುಶ್ ಎಂಬ ಸಣ್ಣ ಲೋಹದ ಕೊಳವೆಯೊಂದನ್ನು ಕೊರೆದು ತೆಗೆದರೆ, ಮೈಮೇಲೆ ಕೆರೆಯ ನೀರಿಗೆ ಗಾಳಿ ಹೊಡೆದಂತೆ ಸಣ್ಣ ಸಣ್ಣ ಅಲೆ. ಟೂಲು ತಾಗಿದಾಗಲೆಲ್ಲ ಗಡಿಗೆಗೆ ಉಗುರು ಎಳೆದಂಥ ಸದ್ದು. ನಾನು ಹೆದರಿ ಹೆದರಿ ಸಣ್ಣ ಕೆಲಸ ಮಾತ್ರ ಹಿಡಿದೆ. ಮಷೀನು ಮಾರಿದ ಅಂಗಡಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಅವರ ಮೆಕಾನಿಕ್ ನನ್ನ ದನಿ ಕೇಳಿದ ಕೂಡಲೆ, "ಮನಿಯಾಗ ಗಂಡಸರು ಇಲ್ಲೇನ್ರಿ? ಅವರಿಗಿ ಕೊಡ್ರಿ ಫೋನು" ಅಂದ.

"ಅದಾರ. ಮಾತು ಬರೂದಿಲ್ಲ ಸರಿಯಾಗಿ. ನನಗ ಹೇಳ್ರಿ."

"ಹೊಸಾ ಮಷೀನ್ ಎಂದೂ ಕುಣ್ಯಂಗಿಲ್ರಿ ಅಮ್ಮಾ. ಟೂಲ್ ಮೊಂಡ ಇರಬೇಕು. ಇಳಗಿ ಮಸದಂಗ ಮಸದಿರಬೇಕು ನೀವು."

ಫೋನು ಇಟ್ಟೆ. ಮನೆಗೆ ಬಂದು ಹೇಳಿದರೆ ಇವರಿಗೆ ನನಗಿಂತ ಸಿಟ್ಟು ಬಂತು. "ನಿನ್ನ ಸಾಣಿಗಿ ಅಂದ್ನಾ? ಅಂವಗ ಟೂಲ್ ಅಂದ್ರ ಏನ್ ಗೊತ್ತು!" ಅಂದರು. ಅದೂ ಒಂದು ಪುಣ್ಯ ಎಂದು ಎಣಿಸಿಕೊಂಡೆ.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ಕಾಲುವೆಯ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಹಿಂದೆ ಕಕ್ಕೇರಾ ಕಡೆಯ ರೈತ ನಿಂಗಪ್ಪ ಎಂಬ ಹಿರಿಯರು ಇದ್ದರು. ಅವರ ಊರಿನ ಹೊಲಗಳು ಕಾಲುವೆಯ ಕಟ್ಟಕಡೆಯಲ್ಲಿವೆ. ಸಾಹೇಬರು ಚೀಲದಿಂದ ಹಿತ್ತಾಳೆಯಂಥ ಗನ್‌ಮೆಟಲ್ಲಿನ ಎರಡು ಎರಕ ತೆಗೆದು ಮೇಜಿನ ಮೇಲೆ ಇಟ್ಟರು. ಜೊತೆಗೆ ಅಳತೆಗೆಂದು ಹಳೆಯ ಗೇಟಿನ ಸ್ಕ್ರೂವಿನ ಒಂದು ತುಂಡು.

"ಉಸ್ತಾದ್, ಇವರೂರಿನ ತೂಬಿನ ಗೇಟು ಮುಚ್ಚಿದ್ದು ಮುಚ್ಚೇ ಅದ. ಒಳಗಿನ ನಟ್ಟಿನ ಹಲ್ಲು ಸವದು ಗಾಲಿ ತಿರುವಿದ್ರ ಬರೇ ಗಿರಗಿರ ತಿರಗತದ, ಗೇಟು ಏಳಂಗಿಲ್ಲ. ಸೋಮವಾರ ನೀರು ಬಿಡ್ತಾರ. ಐದು ದಿನ ಅಷ್ಟೇ ಇವರ ಪಾಳಿ."

"ಐದು ದಿನದಾಗ ಗೇಟು ಏಳ್ಲಿಲ್ಲಂದ್ರ?" ಎಂದು ನಾನು ಕೇಳಿದೆ.

ನಿಂಗಪ್ಪ ಹೇಳಿದರು, "ನೀರು ನಮ್ಮ ಮುಂದ ಹಾದು ಹಳ್ಳಕ್ಕ ಹೋಗ್ತದವ್ವ. ನಾವು ದಂಡಿ ಮ್ಯಾಲ ನಿಂತು ಟಾಟಾ ಮಾಡೋದು. ಮೆಣಸಿನ ಗಿಡ ಹೂವಿಗೆ ಬಂದಾವ, ಊರಂದೆಲ್ಲ. ಇನ್ನೊಂದು ಪಾಳಿ ಬರೂತನ ಹೂ ನಿಲ್ಲಂಗಿಲ್ಲ."

ಹೊಸ ನಟ್ಟಿಗೆ ಎರಡು ಎರಕ ಯಾಕೆಂದರೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಮೂರನೆಯದು ಬೇಕೆಂದರೆ ಎರಕ ಹೊಯ್ಯುವವರ ಹತ್ತಿರ ಹದಿನೈದು ದಿನ. ಒಳಗೆ ಚೌಕ ಹಲ್ಲಿನ ಆಟೆ, ಅಂದರೆ ಸ್ಕ್ರೂ ತಿರುಗಿ ಕೂಡುವ ಸುರುಳಿ, ಕೊರೆಯಬೇಕು. ಉದ್ದನೆಯ ಕಂಬಿಗೆ ಟೂಲು ಕಟ್ಟಿ, ಕತ್ತಲ ತೂತಿನೊಳಗೆ ತೂರಿಸಿ, ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ನೋಡಿ ಮಾಡುವ ಕೆಲಸ. ಗಟ್ಟಿ ಮಷೀನಿನಲ್ಲೇ ಕಂಬಿ ನಡುಗುತ್ತದೆ. ನಮ್ಮದು ಬುಶ್ ಕೊರೆದರೇ ಕುಣಿಯುತ್ತಿತ್ತು.

ನಾನು ಬೇಡ ಅನ್ನುವಷ್ಟರಲ್ಲಿ ಇವರು ಎಡಗೈ ಎತ್ತಿ, "ಆಗ್ತದ" ಅಂದರು.

ಜೀಪು ಹೋದ ಮೇಲೆ ಸಿಟ್ಟಿನಿಂದ ಕೇಳಿದೆ, "ಯಾ ಮಷೀನ್ ಮ್ಯಾಲೆ ಆಗ್ತದ್ರಿ? ಇದರ ಮ್ಯಾಲೇನು?"

"ಅದು ಯಾಕ ಕುಣೀತದ ಅಂತ ಮೊದ್ಲ ಕಂಡಹಿಡಿ. ಕುಣಿಯಾವಂಗ ಬಡಿಯೂದಕ್ಕಿಂತ ಡೊಳ್ಳು ಯಾರ್ ಬಾರಿಸ್ತಾರ ನೋಡಬೇಕು" ಅಂದರು. ನುಂಗಿ ನುಂಗಿ, ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದರು. ಆದರೆ ಒಂದು ಮಾತೂ ಪೋಲಿರಲಿಲ್ಲ.

ಗುರುವಾರ ಹುಡುಕಲು ಕೂತೆವು. ಹುಡುಗಿಯರೇ, ಈ ಭಾಗವನ್ನು ನಿಧಾನ ಓದಿ. ಈಗ ನಿಮ್ಮ ಹತ್ತಿರ ಗಡಿಯಾರದಂಥ ಡಯಲ್ ಗೇಜ್ ಇದೆ, ಕೂದಲೆಳೆ ಅಲುಗಿದರೂ ಮುಳ್ಳು ಹೇಳುತ್ತದೆ. ನನ್ನ ಹತ್ತಿರ ಇದ್ದದ್ದು ದೇವರಿಗೆ ನೈವೇದ್ಯ ಹಿಡಿಯುವ ಸಣ್ಣ ಹಿತ್ತಾಳೆ ಬಟ್ಟಲು. ಅದರ ತುಂಬ ನೀರು ತುಂಬಿ ಬೆಡ್ಡಿನ ಮೇಲಿಟ್ಟು, ಮೇಲೆ ಒಂದು ಚಿಟಿಕೆ ಕುಂಕುಮ ಉದುರಿಸಿದೆ. ನೀರು ನಡುಗಿದರೆ ಕುಂಕುಮ ಸರಿಯುತ್ತದೆ.

ಮೊದಲು ಬೆಲ್ಟು ತೆಗೆದು ಮೋಟಾರು ಒಂದನ್ನೇ ಓಡಿಸಿದೆ. ಕುಂಕುಮ ಅಲುಗಲಿಲ್ಲ. ಮೋಟಾರಿನದು ತಪ್ಪಿಲ್ಲ. ಬೆಲ್ಟು ಹಾಕಿ, ಚಕ್ಕು ಬಿಚ್ಚಿಟ್ಟು ಓಡಿಸಿದೆ. ಸ್ವಲ್ಪ ನಡುಗಿತು. ಚಕ್ಕು ಹಾಕಿ ಓಡಿಸಿದೆ. ಕುಂಕುಮವೆಲ್ಲ ಒಂದು ದಂಡೆಗೆ ಸರಿದು ಕೂತಿತು.

"ಚಕ್ ಬಿಚ್ಚು. ಹಿಂದಿನ ಮೈ ಒರಸು. ಬೆರಳಾಡಿಸಿ ನೋಡು" ಅಂದರು. ಬೆರಳಿಗೆ ಅಕ್ಕಿನುಚ್ಚಿನಷ್ಟು ಕಬ್ಬಿಣದ ಚೂರು ಸಿಕ್ಕಿತು. ಚಕ್ಕಿಗೂ ಅದು ಕೂಡುವ ಜಾಗಕ್ಕೂ ನಡುವೆ ಸಿಕ್ಕಿಕೊಂಡು, ಚಕ್ಕನ್ನು ಒಂದು ಮಗ್ಗುಲಿಗೆ ಓರೆ ಮಾಡಿತ್ತು. ಒರೆಸಿ ಹಾಕಿದರೆ ನಡುಕ ಅರ್ಧ ಇಳಿಯಿತು. ನನಗೆ ಜೀವ ಬಂದಂತಾಯಿತು. ಟೂಲು ಹೊರಗೆ ಚಾಚಿದ್ದನ್ನು ಮೋಟು ಮಾಡಿದೆ. ಜಾರುವ ಭಾಗಗಳ ಸಡಿಲು ಬಿಗಿದೆ. ಕಬ್ಬಿಣದ ತುಂಡೊಂದನ್ನು ಹಾಕಿ ಕೊರೆದೆ. ಅಲೆ ಸಣ್ಣದಾಗಿತ್ತು, ಹೋಗಿರಲಿಲ್ಲ.

ಇವರು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಆಮೇಲೆ ಹೇಳಿದರು, "ಇನ್ನ ಕಾಲು ಉಳೀತು. ನಾಕೂ ಕಾಲಿನ ಕೆಳಗ ಕಾಗದ ತೂರಿಸಿ ನೋಡು. ಯಾವುದರಾಗ ಕಾಗದ ಹೋಗ್ತದ, ಅದು ಕೂತಿಲ್ಲ."

ಕಾಗದ ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ತಳ್ಳಿದೆ.

ಬಾಗಿ ಹಿಂದಿನ ಎರಡು ಕಾಲಿಗೆ ಕಾಗದ ಹಿಡಿದೆ, ಹೋಗಲಿಲ್ಲ. ಮುಂದಿನ ಬಲಗಾಲು, ಹೋಗಲಿಲ್ಲ. ಚಕ್ಕಿನ ಕಡೆಯ ಮುಂಗಾಲಿಗೆ ಹಿಡಿದರೆ ಕಾಗದ ಸರ್ರನೆ ಒಳಗೆ ಹೋಯಿತು. ನಡುವೆ ದುಡ್ಡಿಗೆ ತಾಗಿ ನಿಂತಿತು. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಎತ್ತರವಾದರೆ ಗಡಿಗೆ ಹೇಗೆ ಕೂಡುತ್ತದೋ ಮಷೀನು ಹಾಗೆ ಕೂತಿತ್ತು. ಅತ್ತೆಯ ಕೈಯ ದುಡ್ಡು, ಹರಕೆಯ ದುಡ್ಡು. ತೆಗೆದರೆ ಬೇಡಿದ್ದನ್ನು ನಾನೇ ಬೇಡ ಎಂದಂತೆ. ಆ ವಾರವಷ್ಟೇ ಅವರ ಬಲಗೈಯ ಕಿರುಬೆರಳು ಒಂದು ಸಲ ಅಲುಗಿದಂತೆ ನನಗೆ ಕಂಡಿತ್ತು.

"ಏನಾತು?" ಅಂದರು.

"ನಾಕೂ ಕೂತಾವ್ರಿ" ಅಂದೆ.

ಸುಳ್ಳು. ಜಗಲಿಯ ಬಟ್ಟಲು ಮುಂದೆಯೇ ಇತ್ತು, ಅದರ ಮುಂದೆ ಹೇಳಿದೆ. ಅವರು ಹಣೆ ಗಂಟು ಹಾಕಿ, "ಹಂಗಾರ ಬೆಲ್ಟ್ ಕೂಡಿಸಿದ ಜೋಡಿನಾಗ ತಪ್ಪಿರಬೇಕು" ಎಂದು ತಲೆ ಕೆಡಿಸಿಕೊಂಡರು. ನಲವತ್ತು ವರ್ಷ ಲೇತಿನ ಮುಂದೆ ನಿಂತ ಉಸ್ತಾದನನ್ನು ಕುರ್ಚಿಯಲ್ಲಿ ಕೂಡಿಸಿ ತಪ್ಪು ದಾರಿ ತೋರಿಸಿದೆ.

ಶುಕ್ರವಾರ ಬೆಳಿಗ್ಗೆ ವಿಚಿತ್ರವಾಯಿತು. ನಡುಕ ಇನ್ನೂ ಕಡಿಮೆಯಾಗಿತ್ತು. ದೇವರು ನನ್ನ ಸುಳ್ಳನ್ನು ಹೊಟ್ಟೆಗೆ ಹಾಕಿಕೊಂಡ ಎಂದುಕೊಂಡೆ. ನಿಜ ಏನೆಂದರೆ ದುಡ್ಡು ಜಾಲಿಯ ಹಲಗೆಯಲ್ಲಿ ದಿನಕ್ಕಿಷ್ಟು ಹೂತುಕೊಳ್ಳುತ್ತಿತ್ತು. ಅದಕ್ಕೇ ಮಷೀನು ಒಂದೊಂದು ದಿನ ಒಂದೊಂದು ನಮೂನೆ ಕುಣಿಯುತ್ತಿತ್ತು. ಇದು ನನಗೆ ಆಮೇಲೆ ತಿಳಿದದ್ದು. ಆಗ ಮಾತ್ರ ಕೈಮುಗಿದು ಮೊದಲನೆಯ ಎರಕವನ್ನು ಚಕ್ಕಿಗೆ ಕಟ್ಟಿದೆ.

ಹೊರಮೈ ಚೆನ್ನಾಗಿ ಬಂತು. ತೂತು ಕೊರೆದೆ, ಅದೂ ಬಂತು. ಕಂಬಿಗೆ ಟೂಲು ಕಟ್ಟಿ ಆಟೆಗೆ ಇಳಿದೆ. ಮೊದಲ ಸುತ್ತು, ಎರಡನೆಯ ಸುತ್ತು. ಐದನೆಯದಕ್ಕೆ ಟೂಲು ಸ್ವಲ್ಪ ಆಳ ಕಚ್ಚಿತು. ಆಗ ಮಷೀನು ಒಂದು ಕಾಲೆತ್ತಿ ಒದೆಯಿತು. ಸುಳ್ಳಲ್ಲ, ಮೇಜೇ ಅಲುಗಿತು. ಬಟ್ಟಲಿನ ನೀರು ಚೆಲ್ಲಿತು. ನಾನು ಮೋಟಾರು ಆರಿಸುವಷ್ಟರಲ್ಲಿ ಟೂಲು ಎರಡು ಹಲ್ಲುಗಳ ನಡುವಿನ ಗೋಡೆಯನ್ನೇ ಕಿತ್ತುಕೊಂಡು ಹೋಗಿತ್ತು.

ಎರಕವನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಒಳಗೆ ಹಲ್ಲು ಕಿತ್ತ ವಸಡಿನಂತೆ ಕಂಡಿತು.

ಇವರು ಕುರ್ಚಿಯನ್ನು ಮಷೀನಿನ ಹತ್ತಿರ ಎಳೆಸಿಕೊಂಡರು. ಎಡಗೈಯನ್ನು ಮಷೀನಿನ ತಲೆಯ ಮೇಲಿಟ್ಟು, "ಓಡ್ಸು" ಅಂದರು. ಓಡಿಸಿದೆ. ಕೈ ಸರಿಸುತ್ತಾ ಸರಿಸುತ್ತಾ ಕೆಳಗೆ ಬಂದು ಆ ಮುಂಗಾಲಿನ ಮೇಲೆ ನಿಲ್ಲಿಸಿದರು. ನನ್ನ ಮುಖ ನೋಡಿದರು.

"ಇಲ್ಲಿ ಅದ. ನಿನ್ನಿ ಕಾಗದ ಹೋಗ್ಲಿಲ್ಲೇನು?"

ಮೋಟಾರು ಆರಿಸಿದೆ. "ಹೋಗಿತ್ರಿ. ಕೆಳಗ ದುಡ್ಡು ಇಟ್ಟೀನ್ರಿ."

"ಯಾ ದುಡ್ಡು?"

"ಅತ್ತಿ ಕೊಟ್ಟಿದ್ದು. ಹೊಸ್ತಿಲಕ್ಕ ಇಟ್ಟಂಗ ಇಟ್ಟೆ. ನಿಮ್ಮ ಕೈ ಬರ್ಲಿ ಅಂತ ಬೇಡಿಕೊಂಡು."

ಅವರು ಎಡಗೈಯನ್ನು ಮಷೀನಿನ ಮೇಲಿಂದ ತೆಗೆದರು. ಬಾಯಿಯ ಒಂದು ಮಗ್ಗುಲು ನಡುಗುತ್ತಿತ್ತು. ಸಿಟ್ಟೋ ಅಳುವೋ ಗೊತ್ತಾಗಲಿಲ್ಲ.

"ಕೈ ಹೋಗಿದ್ದು ನಂದು" ಅಂದರು, "ಮಷೀನಿನ ಕಾಲು ಯಾಕ ಎತ್ತಿದಿ?"

ನನಗೆ ಅಳು ಬಂತು.

"ಇಟ್ಟಿದ್ದಕ್ಕ ಏನೂ ಅನ್ನಂಗಿಲ್ಲ. ನಮ್ಮವ್ವ ಇದ್ರ ಅಕೀನೂ ಇಡ್ತಿದ್ಲು. ನಿನ್ನಿ ಕೇಳಿದಾಗ ಹೇಳಲಿಲ್ಲಲ್ಲ, ಅದು. ಕೈ ಇಲ್ಲ ನನಗ. ನಿನ್ನ ಕೈಲೇ ಮುಟ್ತೀನಿ, ನಿನ್ನ ಕಣ್ಣಲೇ ನೋಡ್ತೀನಿ. ನೀ ಸುಳ್ಳು ಹೇಳಿದ್ರ ನಾ ಕುರುಡ ಆಗ್ತೀನಿ."

ಈ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಟೂಲು ಮೊಂಡಾದರೆ ಸಾಣೆ ಹಿಡಿಯಬಹುದು. ಅಳತೆ ತಪ್ಪಾಗಿ ಹೇಳಿದವರ ಜೊತೆ ಕೆಲಸ ಮಾಡಲು ಆಗುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತೆವು. ತುತ್ತು ಮಾಡಿ ಬಾಯಿಗಿಟ್ಟೆ, ತಿಂದರು. ಕೈ ತೊಳೆದು ಬಂದಾಗ ಅವರೇ, "ಪಾನಾ ತಗೊಂಡ್ ಬಾ" ಅಂದರು.

ಬೋಲ್ಟು ಸಡಿಲಿಸಲು ನನ್ನ ಕೈ ಏಳಲಿಲ್ಲ. "ತೆಗದ್ರ ನಿಮ್ಮ ಕೈ..." ಅಂದೆ.

"ಬರೂದಿದ್ರ ಹ್ಯಾಂಗೂ ಬರ್ತದ. ದೇವರೇನು ಮಷೀನಿನ ಕಾಲಾಗ ಸಿಕ್ಕೊಂಡು ಕೂತಾನೇನು? ಬಿಡಿಸು ಮೊದ್ಲ, ಅವಗೂ ಉಸಿರಾಡಾಕ ಆಗ್ಲಿ."

ಅಳುತ್ತಲೇ ನಕ್ಕೆ. ಪಾನಾ ತಿರುಗಿಸಿದೆ. ಗ್ಯಾರೇಜಿನವನೊಬ್ಬ ಬಂದು ಹಾರೆಯ ತುದಿಯಿಂದ ಮಷೀನನ್ನು ಒಂದು ಎಳೆ ಎತ್ತಿದ. ದುಡ್ಡು ಹಲಗೆಯಲ್ಲಿ ಅರ್ಧ ಹೂತಿತ್ತು. ಚೂರಿಯಿಂದ ಮೀಟಿ ತೆಗೆದು, ತೊಳೆದು, ವಿಭೂತಿ ಹಚ್ಚಿ, ಜಗಲಿಯ ಮೇಲೆ ಅದರ ಜಾಗಕ್ಕೆ ಇಟ್ಟೆ. ತಪ್ಪಾಯಿತು ಎಂದು ಬೇಡಿಕೊಂಡೆ. ದುಡ್ಡು ಇಟ್ಟದ್ದಕ್ಕೂ ಅಲ್ಲ, ತೆಗೆದದ್ದಕ್ಕೂ ಅಲ್ಲ, ನಡುವಿನ ಆ ಒಂದು ದಿನಕ್ಕೆ.

ಶನಿವಾರ ಪೂರಾ ಮಷೀನು ಕೂಡಿಸುವುದಕ್ಕೇ ಹೋಯಿತು. ದುಡ್ಡು ತಗ್ಗು ಮಾಡಿದ ಕಡೆ ತಗಡಿನ ತುಂಡು ಕೊಟ್ಟೆ. ನಾಲ್ಕೂ ಕಾಲಿಗೆ ಕಾಗದ ಹಿಡಿದೆ, ಎಲ್ಲಿಯೂ ಹೋಗಲಿಲ್ಲ. ಇವರು ಇನ್ನೊಮ್ಮೆ ಅನ್ನುವ ಮೊದಲೇ ಇನ್ನೊಮ್ಮೆ ಹಿಡಿದು, ಅವರ ಎಡಗೈಗೆ ಕಾಗದ ಕೊಟ್ಟು ಅವರಿಂದಲೂ ಹಿಡಿಸಿದೆ. ಬೋಲ್ಟನ್ನು ಒಂದೇ ಸಲಕ್ಕೆ ಬಿಗಿಯಬಾರದು. ಹೊರಸಿನ ನುಲಿ ಎಳೆದಂತೆ ಈ ಮೂಲೆ, ಆಮೇಲೆ ಎದುರಿನ ಮೂಲೆ, ಸ್ವಲ್ಪ ಸ್ವಲ್ಪವೇ. ಮೇಜಿನ ಒಂದು ಕಾಲು ಅಡಿಯಲ್ಲಿ ಟೊಳ್ಳಾದ ಫರ್ಸಿ ಕಲ್ಲಿನ ಮೇಲಿತ್ತು. ಬಡಿದರೆ ಡಬ್ ಡಬ್ ಅನ್ನುತ್ತಿತ್ತು. ಮೇಜನ್ನೇ ಮೊಳದಷ್ಟು ಸರಿಸಿದೆವು.

ಬಟ್ಟಲಿಟ್ಟು ಓಡಿಸಿದೆ. ಕುಂಕುಮ ನಡುವೆಯೇ ನಿಂತಿತು, ಹಣೆಯ ಮೇಲೆ ನಿಂತಂತೆ.

ಭಾನುವಾರ ಎರಡನೆಯ ಎರಕ. ಇನ್ನೊಂದು ಇಲ್ಲ. ಬೆಳಿಗ್ಗೆ ಬಳೆ ತೆಗೆಯುವಾಗ ಒಂದು ಒಡೆಯಿತು. ಅಪಶಕುನ ಎಂದು ಹೇಳುವವರು ಯಾರೂ ಹತ್ತಿರ ಇರಲಿಲ್ಲ, ಅದೂ ಪುಣ್ಯವೇ.

ಕಂಬಿಯನ್ನು ಆದಷ್ಟು ಮೋಟು ಕಟ್ಟಿದೆ. ವೇಗ ಎಲ್ಲಕ್ಕಿಂತ ಕಡಿಮೆಗೆ ಇಳಿಸಿದೆ. ಮೊದಲ ಸುತ್ತಿಗೇ ಸದ್ದು ಬೇರೆಯಾಗಿತ್ತು. ಕಾದ ಎಣ್ಣೆಗೆ ಜೀರಿಗೆ ಬಿದ್ದಾಗ ಬರುತ್ತದಲ್ಲ, ಅಂಥ ಒಂದೇ ಸಮನೆಯ ಸಣ್ಣ ಚುರುಗುಟ್ಟುವಿಕೆ. ರವೆಯಂಥ ಹಳದಿ ಪುಡಿ ಉದುರಿತು. ಐದನೆಯ ಸುತ್ತು ಬಂದಾಗ ಉಸಿರು ಹಿಡಿದೆ. ಮಷೀನು ಅಲುಗಲಿಲ್ಲ. ಹತ್ತು. ಹದಿನೈದು. ಹಲ್ಲು ಅರ್ಧ ಆಳಕ್ಕೆ ಇಳಿಯಿತು.

ಆಗ ಕರೆಂಟು ಹೋಯಿತು.

ಟೂಲು ನಟ್ಟಿನ ಒಳಗೆ, ಹಲ್ಲು ಕಚ್ಚಿಕೊಂಡೇ ನಿಂತಿತ್ತು. ಹೊರಗೆ ಎಳೆಯಲು ಕೈ ಹಾಕಿದೆ.

"ಮುಟ್ಟಬ್ಯಾಡ!" ಲಕ್ವಾ ಹೊಡೆದ ಮೇಲೆ ಅವರು ಅಷ್ಟು ಸ್ಪಷ್ಟವಾಗಿ ಕೂಗಿದ್ದು ಅದೇ ಮೊದಲು. "ಕರೆಂಟ್ ಬಂದಕೂಡಲೆ ತಾನೇ ತಿರಗತದ. ಸ್ವಿಚ್ ಆರಿಸು. ಬೆಲ್ಟ್ ತೆಗಿ. ಚಕ್ ಕೈಲೆ ಹಿಂದಕ್ಕ ತಿರುವು. ಹಗೂರ."

ಸ್ವಿಚ್ಚು ಆರಿಸಿದೆ, ಬೆಲ್ಟು ತೆಗೆದೆ. ಎರಡೂ ಕೈಯಿಂದ ಚಕ್ಕನ್ನು ಹಿಂದಕ್ಕೆ ತಿರುಗಿಸಿದೆ. ಸಣ್ಣ ಕೂಸಿನ ಬಾಯಿಂದ ಮುಳ್ಳು ತೆಗೆದಂತೆ ಟೂಲು ತಾನು ಹೋದ ದಾರಿಯಲ್ಲೇ ಹೊರಗೆ ಬಂತು. ಕರೆಂಟು ಸಂಜೆ ನಾಲ್ಕಕ್ಕೆ ಬಂದಿತು. ಅಲ್ಲಿಯವರೆಗೂ ಯಾರನ್ನೂ ಮಷೀನಿನ ಹತ್ತಿರ ಬಿಡದೆ ಕಾವಲು ಕೂತೆ. ಉಳಿದ ಸುತ್ತುಗಳನ್ನು ಹೊತ್ತು ಮುಳುಗುವ ಮೊದಲು ಮುಗಿಸಿದೆ. ಅಳತೆಯ ಸ್ಕ್ರೂ ತುಂಡಿಗೆ ಎಣ್ಣೆ ಹಚ್ಚಿ ನಟ್ಟಿನೊಳಗೆ ತಿರುಗಿಸಿದರೆ, ಕೊನೆಯವರೆಗೆ ಸರಾಗ ಹೋಯಿತು. ಇವರು ಎಡಗೈಯಲ್ಲಿ ಹಿಡಿದು ಮೂರು ಸಲ ಹಾಕಿ ತೆಗೆದರು. ಚಲೋ ಅನ್ನಲಿಲ್ಲ. ಚಲೋ ಅನ್ನುವವರಲ್ಲ. ನಟ್ಟನ್ನು ತಮ್ಮ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದರು.

ಸೋಮವಾರ ಬೆಳಿಗ್ಗೆ ಜೀಪು ಬಂತು. ಇವರೂ ಬರುತ್ತೇನೆಂದು ಹಟ ಹಿಡಿದರು. ಸುರಪುರ ದಾಟಿ ಕಕ್ಕೇರಾ ಕಡೆಗೆ ಹೊರಳುವಾಗ ದಾರಿಯ ಪಕ್ಕದ ಕಾಲುವೆಯಲ್ಲಿ ನೀರು ಆಗಲೇ ಬರುತ್ತಿತ್ತು. ಕಸಕಡ್ಡಿ ನೂಕಿಕೊಂಡು ಬರುವ ಕೆಂಪು ನೀರು. ಸಾಹೇಬರು ಡ್ರೈವರನಿಗೆ, "ಲಗೂ ನಡಿ, ನೀರು ನಮಗಿಂತ ಮುಂದ ಹೋಗಬಾರದು" ಅಂದರು.

ತೂಬಿನ ಹತ್ತಿರ ಊರವರು ಇಪ್ಪತ್ತು ಮೂವತ್ತು ಜನ ಕೂತಿದ್ದರು. ಸಾಹೇಬರ ಆಳುಗಳು ನಟ್ಟನ್ನು ಗೇಟಿನ ಮೇಲಿನ ಅದರ ಗೂಡಿನಲ್ಲಿ ಕೂಡಿಸಿ ಗಾಲಿ ಹಾಕಿದರು. ನಿಂಗಪ್ಪ ತಾವೇ ಗಾಲಿ ಹಿಡಿದರು. ಒಂದು ಸುತ್ತು, ಎರಡು ಸುತ್ತು. ಮೂರಕ್ಕೆ ನಿಂತಿತು.

ಯಾರೋ ಹಿಂದಿನಿಂದ, "ಹೆಣ್ಣಮಗಳು ಮಾಡ್ಯಾಳಂತ, ಇನ್ನೇನ್ ಆಗ್ತದ" ಅಂದರು.

ನಾನು ಹತ್ತಿರ ಹೋಗಿ ನೋಡಿದೆ. ಸಿಕ್ಕಿಕೊಂಡದ್ದು ನನ್ನ ನಟ್ಟಿನ ಹಲ್ಲಲ್ಲ, ಗೇಟಿನ ಹಳೆಯ ಸ್ಕ್ರೂವಿನದು. ವರ್ಷಗಟ್ಟಲೆಯ ತುಕ್ಕು ಅಲ್ಲಿ ಗಂಟು ಕಟ್ಟಿತ್ತು. "ಮುಂದಕ್ಕ ಒತ್ತಬ್ಯಾಡ್ರಿ ಯಜಮಾನ್ರ. ಹಿಂದಕ್ಕ ಅರ್ಧಾ, ಮುಂದಕ್ಕ ಒಂದು. ನಾ ಎಣ್ಣಿ ಹಾಕ್ತೀನಿ." ತಂತಿಯ ಕುಂಚದಿಂದ ತಿಕ್ಕಿದೆ, ಎಣ್ಣೆ ಹೊಯ್ದೆ. ಹಿಂದಕ್ಕೆ ಅರ್ಧ, ಮುಂದಕ್ಕೆ ಒಂದು. ಬೇಸಾಯದ ಕೈ, ಅವಸರ ಮಾಡಲಿಲ್ಲ. ಒಂಬತ್ತನೆಯದೋ ಹತ್ತನೆಯದೋ ಸುತ್ತಿಗೆ ಗೇಟಿನ ಕೆಳಗಿನ ಕೆಸರು ಪುಸಕ್ಕೆಂದಿತು. ಗೇಟು ನಾಲ್ಕು ಬೆರಳು ಎದ್ದಿತು. ಆಮೇಲೆ ಒಂದು ಗೇಣು.

ನೀರು ಬಂದು ತೂಬಿನೊಳಗೆ ನುಗ್ಗಿತು. ಹುಡುಗರು ಅದರ ಜೊತೆ ಹೊಲದ ಕಡೆಗೆ ಓಡಿದರು. ನಿಂಗಪ್ಪ ಗಾಲಿಯ ಮೇಲಿನ ಕೈ ತೆಗೆಯದೆ, "ಕೂತ್ಗೋ ಯವ್ವಾ, ಕೂತ್ಗೋ" ಎಂದು ನನಗೆ ತಮ್ಮ ಟವೆಲು ಹಾಸಿದರು.

ಸಾಹೇಬರು ಇವರ ಎಡಗೈ ಕುಲುಕಿ, "ಇನ್ನೊಂದು ಎರಕ ಕೊಟ್ಟುಬಿಡ್ರಿ ಉಸ್ತಾದ್, ಜಮಾ ಮಾಡ್ಬೇಕು" ಅಂದರು.

ಇವರು ನೀನೇ ಹೇಳು ಎನ್ನುವಂತೆ ನನ್ನ ಕಡೆ ನೋಡಿದರು. ಎರಕದಲ್ಲೇ ಗಾಳಿಗುಳ್ಳೆ ಇತ್ತು ಎಂದು ಹೇಳಿದರೆ ಮುಗಿಯುತ್ತಿತ್ತು. ಎಲ್ಲ ವರ್ಕ್‌ಶಾಪಿನವರೂ ಹೇಳುವುದು ಅದನ್ನೇ, ಕೇಳುವವರೂ ನಂಬುತ್ತಾರೆ. ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಹೆಣ್ಣಮಗಳು ಎಂದವನೂ ಅಲ್ಲೇ ಇದ್ದ.

ಚೀಲದಿಂದ ಆ ಹಲ್ಲು ಕಿತ್ತ ಎರಕ ತೆಗೆದು ಅವರ ಕೈಗೆ ಕೊಟ್ಟೆ. "ಕೆಟ್ಟದ್ರಿ ಸಾಹೇಬ್ರ. ಮಷೀನ್ ಸರಿಯಾಗಿ ಕೂತಿಲ್ಲ ಅಂತ ಗೊತ್ತಿದ್ದೂ ಕೊರದೀನಿ. ಎರಕದ್ದು ತಪ್ಪಿಲ್ಲ, ಉಸ್ತಾದರದ್ದೂ ಇಲ್ಲ. ನಂದು."

ಸಾಹೇಬರು ಎರಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ಇವರು ನೆಲ ನೋಡುತ್ತಿದ್ದರು. ಈ ಕೆಲಸ ಇಂದಿಗೆ ಮುಗಿಯಿತು ಅಂದುಕೊಂಡೆ.

"ಇದರ ಮ್ಯಾಲಿನ ತೂಬಿನ ನಟ್ಟೂ ಸವದದ" ಎಂದರು ಕೊನೆಗೆ. "ಮುಂದಿನ ತಿಂಗಳು ಕೊಟ್ಟು ಕಳಸ್ತೀನಿ. ಈ ಸಲ ಎರಡು ಎರಕ ಕೊಡಂಗಿಲ್ಲ ಮತ್ತ, ಒಂದೇ."

ಇವರು ಆಗ ತಲೆ ಎತ್ತಿ ನನ್ನ ಕಡೆ ನೋಡಿದರು. ಉತ್ತರ ಅವರು ಕೊಡಲಿಲ್ಲ, ನನಗೆ ಬಿಟ್ಟರು.

"ಒಂದೇ ಸಾಕ್ರಿ" ಅಂದೆ.